ಹಿತ್ತಲಿನ ಕೆಸುವಿಗೂ ಒಂದು ಹೆಸರಿನ ಚೀಟಿ ಬೇಕು

ಸಸ್ಯ ಸಂಗ್ರಹ ಮಾಡಿ ತನ್ನಿ ಎಂದರೆ ನೀವೆಲ್ಲ ಏನು ತರುತ್ತೀರಿ? ಹಳೆಯ ಪೇಪರಿನ ನಡುವೆ ಒತ್ತಿ ಒಣಗಿಸಿದ ಹತ್ತು ಎಲೆ, ಅಂಟಿಸಿದ ಪುಸ್ತಕ, ಕೆಳಗೆ ಹೆಸರು. ದಾಸವಾಳ, ಮಾವು, ಪೇರಳೆ, ತುಳಸಿ. ಪ್ರತಿ ವರ್ಷವೂ ಅದೇ ಹತ್ತು. ನಾವು ಅಂಕ ಕೊಡುತ್ತೇವೆ, ಮಾರ್ಚ್ ಕಳೆದ ಮೇಲೆ ಪುಸ್ತಕ ಗುಜರಿಗೆ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಹೈಸ್ಕೂಲಿನವರು ಮಾಡಬೇಕಾದ ಸಂಗ್ರಹ ಬೇರೆಯೇ ಇದೆ. ಒಂದೇ ಗಿಡದ ಹಲವು ಬಗೆಗಳನ್ನು ಹುಡುಕಿ ತಂದು ಹಿತ್ತಲಲ್ಲಿ ಜೀವಂತವಾಗಿ ಬೆಳೆಸಬೇಕು. ಆ ಗಿಡ ಯಾವುದಾಗಲಿ ಎಂದರೆ ನಾನು ಹೇಳುವುದು ಕೆಸು.

ನಗಬೇಡಿ. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಬೆಳೆಯುವ ಗಿಡಕ್ಕೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಕಾಸರಗೋಡಿನ ನಮಗೆ ಅದು ಆಟಿ ತಿಂಗಳ ಪತ್ರೊಡೆ. ಗಡಿ ಬದಲಾದಂತೆ ಹೆಸರು ಬದಲಾಗುತ್ತದೆ: ಮಲಯಾಳದಲ್ಲಿ ಚೇಂಬು, ತಮಿಳಿನಲ್ಲಿ ಚೇಪ್ಪಂಗಿಳಂಗು, ತೆಲುಗಿನಲ್ಲಿ ಚಾಮದುಂಪ, ಮರಾಠಿಯಲ್ಲಿ ಅಳು. ಸೊಲ್ಲಾಪುರದಲ್ಲಿ ಅಳುವಡಿ ತಿಂದವರಿಗೂ ಇಲ್ಲಿ ಪತ್ರೊಡೆ ತಿಂದವರಿಗೂ ಗಿಡ ಒಂದೇ, ಕೊಲೊಕೇಶಿಯಾ ಎಸ್ಕುಲೆಂಟಾ. ಈ ಪತ್ರಿಕೆ ಓದುವ ಹೆಚ್ಚಿನವರ ಕೈಗೆಟಕುವ ಗಿಡ ಅಂತಲೇ ಇದನ್ನು ಆರಿಸಿದ್ದು.

ಎಲೆಯ ಗಿಡವೊಂದನ್ನು ಹೀಗೆ ಸಂಗ್ರಹಿಸುವವರು ಬೇರೆಡೆಯೂ ಇದ್ದಾರೆ. ಜಪಾನ್, ಕೊರಿಯಾ, ಚೀನಾ ಮೂಲದ ಹೋಸ್ಟಾ ಎಂಬುದು ನೆರಳಿನಲ್ಲಿ ಬೆಳೆಯುವ, ಎಲೆಯ ಚಂದಕ್ಕಾಗಿಯೇ ಸಾಕುವ ಗಿಡ. ಅಮೆರಿಕದಲ್ಲಿ 1968ರಲ್ಲೇ ಹೋಸ್ಟಾ ಬೆಳೆಸುವವರ ಸಂಘ ಹುಟ್ಟಿತು. ಹೆಸರಿಟ್ಟು ನೋಂದಾಯಿಸಿದ ಬಗೆಗಳೇ ಸಾವಿರಾರು: ನೀಲಿ ಛಾಯೆಯದು, ಹಳದಿ ಅಂಚಿನದು, ಅಂಗೈಯಷ್ಟೂ ದೊಡ್ಡದಾಗದ್ದು. ಬುಡಬುಡದಲ್ಲೂ ಹೆಸರಿನ ಪಟ್ಟಿ. ಬರೀ ನೋಡಲು ಚಂದವೆಂದು ಒಂದು ಎಲೆಗೆ ಇಷ್ಟು ಮರ್ಯಾದೆ ಸಿಗುವುದಾದರೆ, ಎಲೆ, ದಂಟು, ಗೆಡ್ಡೆ ಮೂರನ್ನೂ ಊಟಕ್ಕೆ ಕೊಡುವ ಗಿಡಕ್ಕೆ ಯಾಕಿಲ್ಲ?

ಕೆಸುವಿನ ವಿಷಯದಲ್ಲಿ ತುರ್ತು ಇನ್ನೂ ಹೆಚ್ಚು. ಭತ್ತ, ಅವರೆಯಾದರೆ ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಬಹುದು. ಕೆಸುವನ್ನು ನಾವು ಬೀಜ ಬಿತ್ತಿ ಬೆಳೆಯುವುದೇ ಇಲ್ಲ. ಪಕ್ಕದ ಮರಿಗೆಡ್ಡೆ ಕಿತ್ತು ನೆಡುತ್ತೇವೆ. ನಿಮ್ಮ ಪಾಠದಲ್ಲಿ ಬರುವ ಕಾಯಜ ಸಂತಾನೋತ್ಪತ್ತಿ ಇದೇ. ಕೆಸುವಿನಲ್ಲಿ 28 ವರ್ಣತಂತುಗಳಿರುವ ಬಗೆಗಳೂ ಇವೆ, 42 ಇರುವವೂ ಇವೆ. 42 ಎಂದರೆ ಮೂರು ಗಣ. ಮೂರನ್ನು ಸಮವಾಗಿ ಎರಡು ಪಾಲು ಮಾಡಲು ಆಗುತ್ತದಾ? ಆದ್ದರಿಂದ ಅಂಥವುಗಳಲ್ಲಿ ಮೊಳೆಯುವ ಬೀಜದ ಆಸೆ ಬೇಡ. ಅಜ್ಜಿ ತವರುಮನೆಯಿಂದ ತಂದ ಕೆಸು ನಿಮ್ಮ ಹಿತ್ತಲಲ್ಲಿದ್ದರೆ ಅದನ್ನು ಆ ಹಳೆಯ ಗಿಡದ ಮೊಮ್ಮಗಳು ಅನ್ನುವ ಹಾಗಿಲ್ಲ, ಅದೇ ಗಿಡ ಅದು. ಹಿತ್ತಲಿಗೆ ಇಂಟರ್‌ಲಾಕ್ ಹಾಸಿದ ದಿನ, ಬಚ್ಚಲ ನೀರಿಗೆ ಪೈಪು ಕೂಡಿಸಿದ ದಿನ ಅದರ ಕತೆ ಮುಗಿಯಿತು.

ಒಂದು ಬಗೆ ಹೋದರೆ ಇನ್ನೊಂದಿದೆಯಲ್ಲ ಅನ್ನುವವರು ಸಮೋವಾದ ಕತೆ ಕೇಳಬೇಕು. ಪೆಸಿಫಿಕ್ ಸಾಗರದ ಆ ದ್ವೀಪದೇಶದಲ್ಲಿ ಕೆಸುವಿನ ಗೆಡ್ಡೆಯೇ ದಿನದ ಊಟ, ಆಗ ಅದೇ ಮುಖ್ಯ ರಫ್ತೂ ಆಗಿತ್ತು. ಮಾರಾಟಕ್ಕೆ ಬೆಳೆಯುತ್ತಿದ್ದುದು ಹೆಚ್ಚುಕಡಿಮೆ ಒಂದೇ ಬಗೆ, ಟಾರೊ ನಿಯುವೆ. 1993ರಲ್ಲಿ ಎಲೆ ಅಂಗಮಾರಿ ರೋಗ ಬಂತು. ಎಲ್ಲ ಗಿಡವೂ ತದ್ರೂಪಿಗಳಾದ್ದರಿಂದ ಒಂದಕ್ಕೆ ತಡೆಯಲು ಆಗದ ರೋಗ ಯಾವುದಕ್ಕೂ ತಡೆಯಲು ಆಗಲಿಲ್ಲ. ಮರುವರ್ಷದ ಹೊತ್ತಿಗೆ ರಫ್ತು ನಿಂತೇಹೋಯಿತು. ಆಮೇಲೆ ಕೈ ಹಿಡಿದದ್ದು ಪಲಾವು ಮೊದಲಾದ ಬೇರೆ ದ್ವೀಪಗಳ ಜನ ಉಳಿಸಿಕೊಂಡಿದ್ದ ಬಗೆಗಳು. ಅವನ್ನು ತಂದು, ಅಡ್ಡಹಾಯಿಸಿ, ರೋಗ ತಾಳುವ ಹೊಸ ತಳಿಗಳನ್ನು ಮಾಡಿಕೊಂಡರು.

ಈ ರೋಗ ನಮಗೂ ಹೊಸತಲ್ಲ. ಬಟ್ಲರ್ ಮತ್ತು ಕುಲಕರ್ಣಿ ಎಂಬ ವಿಜ್ಞಾನಿಗಳು 1913ರಲ್ಲೇ ಭಾರತದಲ್ಲಿನ ಅದರ ಬಗ್ಗೆ ಬರೆದಿದ್ದಾರೆ. ಕಾರಣ ಫೈಟಾಫ್ತೊರಾ ಕೊಲೊಕೇಶಿಯೆ, ಅಂದರೆ ನಮ್ಮ ಅಡಿಕೆಯ ಕೊಳೆರೋಗದ ಹತ್ತಿರದ ಬಂಧು. ಜಡಿಮಳೆಯಲ್ಲಿ ಎಲೆಯ ಮೇಲೆ ನೀರಲ್ಲಿ ತೊಯ್ದ ಹಾಗಿನ ಕಂದು ಕಲೆ ಎದ್ದು ಉಂಗುರ ಉಂಗುರವಾಗಿ ಹರಡಿದರೆ ಅದೇ. ಪಕ್ಕದಲ್ಲೇ ಇನ್ನೊಂದು ಕೆಸು ಏನೂ ಆಗದೆ ನಿಂತಿದ್ದರೆ ನಿಮ್ಮ ನೋಟುಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಟಿಪ್ಪಣಿ ಬೇರೆ ಬೇಕಾ?

ಇದನ್ನೆಲ್ಲ ಸರಕಾರ ನೋಡಿಕೊಳ್ಳುತ್ತದೆ ಅನ್ನಬಹುದು. ನಿಜ, ತಿರುವನಂತಪುರದಲ್ಲಿ 1963ರಿಂದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಹೊಲದಲ್ಲೇ ಬಗೆಗಳನ್ನು ಬೆಳೆಸಿ ಕಾಪಾಡುತ್ತಾರೆ. ಆದರೆ ನಿಮ್ಮ ಅಜ್ಜಿಗೆ ಗೊತ್ತಿರುವುದು ಅಲ್ಲಿ ಇಲ್ಲ. "ಇದರ ಎಲೆ ಪತ್ರೊಡೆಗೆ ಆಗ್ತದೆ, ಅದರದ್ದು ತುರಿಸ್ತದೆ, ಗೆಡ್ಡೆ ಮಾತ್ರ ಸಾಂಬಾರಿಗೆ" ಎಂಬ ಮೂರು ವಾಕ್ಯ ಯಾವ ಹೊಲದಲ್ಲೂ ಬೆಳೆಯುವುದಿಲ್ಲ. ಮನೆಯವರು ಮಾಡುವ ಕೆಲಸ ಸಣ್ಣದೆಂದು ಯಾರೂ ಹೇಳಬೇಡಿ. ನಮ್ಮ ಬೆಳ್ಳೂರು ಪಂಚಾಯತಿನ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ, ಅದರಲ್ಲೂ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಮಣ್ಣು ತುಂಬಿಸಿ ಬೆಳೆಸಿ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವಯನಾಡಿನ ಮಾನಂತವಾಡಿಯ ಶಾಜಿಯವರ ತೋಟದಲ್ಲಿ ಸುಮಾರು 200 ಬಗೆಯ ಗೆಡ್ಡೆಗೆಣಸುಗಳಿವೆ.

ಹಾಗಂತ ಲೆಕ್ಕ ಏರಿಸುವ ಪೈಪೋಟಿ ಬೇಡ. ನನ್ನಲ್ಲಿ ಹನ್ನೆರಡು, ನಿನ್ನಲ್ಲಿ ಎಂಟು ಎಂಬುದು ಅಂಚೆಚೀಟಿಗೆ ಸರಿ. ಗಿಡದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇವು ನಿಜವಾಗಿ ಬೇರೆ ಬೇರೆಯಾ ಅಂತ. ಒಂದು ಮನೆಯ ಕರಿಕೆಸು ಇನ್ನೊಂದು ಮನೆಯಲ್ಲಿ ಬೇರೆ ಹೆಸರಿನಲ್ಲಿರಬಹುದು. ನೆರಳಲ್ಲಿ ದೊಡ್ಡ ಎಲೆ, ಬಿಸಿಲಲ್ಲಿ ಸಣ್ಣ ಎಲೆ ಬಿಟ್ಟ ಒಂದೇ ಕೆಸು ಎರಡು ಬಗೆಯ ಹಾಗೆ ಕಾಣಬಹುದು. ತೀರ್ಮಾನಕ್ಕೆ ಒಂದೇ ದಾರಿ: ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ದಿನ ನೆಟ್ಟು ಒಂದು ಮಳೆಗಾಲ ಪೂರ್ತಿ ನೋಡುವುದು. ಆಮೇಲೂ ದಂಟಿನ ಬಣ್ಣ ಬೇರೆಯಾಗಿಯೇ ಉಳಿದರೆ ಆ ವ್ಯತ್ಯಾಸ ಗಿಡದ್ದು, ಜಾಗದ್ದಲ್ಲ. ಈ ಒಂದು ಪ್ರಯೋಗ ಹತ್ತು ಒಣ ಎಲೆಗಿಂತ ಮೇಲು ಅಂತ ನಾನು ಯಾವ ಸಭೆಯಲ್ಲೂ ವಾದಿಸುತ್ತೇನೆ.

ಕೆಸುವಿನ ಹಾಗೆ ಕಾಣುವ ಬೇರೆ ಗಿಡಗಳೂ ಸಂಗ್ರಹದಲ್ಲಿ ನುಸುಳುತ್ತವೆ. ದಂಟು ಎಲ್ಲಿ ಸೇರಿದೆ ನೋಡಿ. ಕೆಸುವಿನಲ್ಲಿ ಅದು ಎಲೆಯ ಬೆನ್ನಿಗೆ, ಅಂಚಿನಿಂದ ಒಳಗೆ ಅಂಟಿರುತ್ತದೆ. ಅಮೆರಿಕ ಖಂಡದಿಂದ ಬಂದ ಕ್ಸಾಂಥೊಸೋಮದಲ್ಲಿ ಸೀಳಿನ ಬಾಯಲ್ಲೇ ಸೇರಿರುತ್ತದೆ. ಮಳೆಗಾಲದಲ್ಲಿ ಮರದ ಕವಲಲ್ಲಿ ಹುಟ್ಟುವ ಮರಕೆಸು ಕೂಡ ಬೇರೆಯೇ ಕುಲ, ರೆಮುಸೇಶಿಯಾ. ಅದರ ಕಡ್ಡಿಗಳ ಮೇಲೆ ಕೊಕ್ಕೆ ಇರುವ ಪುಟ್ಟ ಮೊಗ್ಗುಗೆಡ್ಡೆಗಳಾಗುತ್ತವೆ, ಪ್ರಾಣಿಗಳ ಮೈಗೆ ಅಂಟಿ ಊರು ತಿರುಗುತ್ತವೆ. ಇವನ್ನೂ ಬೆಳೆಸಿ, ಬೇರೆ ಸಾಲಿನಲ್ಲಿ.

ಯಾವುದನ್ನೂ ಹಸಿಯಾಗಿ ಬಾಯಿಗೆ ಹಾಕಿ ನೋಡಬೇಡಿ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲಿಗೆ ಚುಚ್ಚಿ ತುರಿಕೆ, ಊತ ತರುತ್ತವೆ. ಗುರುತಿಲ್ಲದ್ದನ್ನು ಬೇಯಿಸಿಯೂ ತಿನ್ನಬೇಡಿ. ಇನ್ನೊಂದು ಎಚ್ಚರಿಕೆಯನ್ನು ಹೋಸ್ಟಾದವರಿಂದ ಕಲಿಯಬೇಕು. ಗಿಡ ಪಾಲು ಮಾಡುವ ಚಾಕುವಿನಲ್ಲಿ ಉಳಿದ ರಸದಿಂದಲೇ ಒಂದು ವೈರಸ್ ಅವರ ತೋಟದಿಂದ ತೋಟಕ್ಕೆ ಹರಡಿತು; ಅದನ್ನು ಗುರುತಿಸಿದ್ದು 1996ರಲ್ಲಿ. ಕೆಸುವಿಗೂ ವೈರಸ್‌ಗಳಿವೆ. ಎಲೆಯಲ್ಲಿ ಗರಿಯ ಹಾಗೆ ಬಿಳಿ ಗೆರೆ ಕಂಡ ಗಿಡದಿಂದ ಮರಿ ತರಬೇಡಿ, ಒಂದು ಗಿಡಕ್ಕೆ ಬಳಸಿದ ಚಾಕುವನ್ನು ಸೋಪುನೀರಲ್ಲಿ ಉಜ್ಜಿ ತೊಳೆದೇ ಇನ್ನೊಂದಕ್ಕೆ ಮುಟ್ಟಿಸಿ.

ನೆಡುವುದು ಮೇ ಕೊನೆಗೆ, ಮೊದಲ ಮಳೆ ಬಿದ್ದ ಮೇಲೆ. ಜತ್ತ, ಮಡಕಶಿರಾದ ಕಡೆಯವರು ಪಾತ್ರೆ ತೊಳೆದ ನೀರು ಹೋಗುವಲ್ಲಿ ಅಥವಾ ಹಳೆಯ ಬಕೆಟಿನಲ್ಲಿ ನೆಡಿ. ಬೇಸಗೆಯಲ್ಲಿ ಎಲೆ ಒಣಗಿದರೆ ಸತ್ತಿತೆಂದು ಎಸೆಯಬೇಡಿ, ಗೆಡ್ಡೆ ಮಣ್ಣಿನಲ್ಲಿ ಮಲಗಿರುತ್ತದೆ. ಕೇಳದೆ ಯಾರ ಹಿತ್ತಲಿಂದಲೂ ಕೀಳಬೇಡಿ, ಕೇಳಿದರೂ ತಾಯಿಗಿಡ ಬಿಟ್ಟು ಪಕ್ಕದ ಮರಿ ಮಾತ್ರ ತನ್ನಿ. ಕಾಗದದ ಚೀಟಿ ನಮ್ಮ ಮಳೆಗೆ ಒಂದು ವಾರ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ತಗಡಿನ ತುಂಡಿನ ಮೇಲೆ ಮೊಳೆಯಿಂದ ಗೀಚಿ, ತಂತಿಯಲ್ಲಿ ಕಟ್ಟಿ. ಅದರಲ್ಲಿ ಕೊಟ್ಟವರು ಹೇಳಿದ ಹೆಸರು ಅವರು ಹೇಳಿದ ಹಾಗೆಯೇ ಇರಲಿ. ಅವರು ಚೇಂಬು ಎಂದರೆ ಚೇಂಬು, ಅಳು ಎಂದರೆ ಅಳು, ಕನ್ನಡ ಅಕ್ಷರದಲ್ಲಿ. ಜತೆಗೆ ಅವರ ಊರು, ತಂದ ತಾರೀಕು. ಲ್ಯಾಟಿನ್ ಹೆಸರು ಕೊನೆಗೆ ಬರಲಿ, ತಗಡಿನಲ್ಲಿ ಜಾಗ ಉಳಿದಿದ್ದರೆ.