ಮಾತು ಕೇಳದ ಪರದೆ



ನಮ್ಮ ಅತ್ತಿಗೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ವರ್ಷವಾಯಿತು. ಲ್ಯಾಪ್‌ಟಾಪಿನ ಸಣ್ಣ ಅಕ್ಷರಗಳನ್ನು ಓದುವುದು ಕಷ್ಟವೆಂದು ಮಕ್ಕಳು ಅದಕ್ಕೆ ದೊಡ್ಡದೊಂದು ಮಾನಿಟರನ್ನು ಜೋಡಿಸಿಕೊಟ್ಟರು. ಹಗಲಿನಲ್ಲಿ ಎಲ್ಲವೂ ಸರಿ. ಸಂಜೆ ದೀಪ ಹಚ್ಚಿದ ಮೇಲೆ ಆ ಪರದೆಯ ಬೆಳಕು ಅವರ ಕಣ್ಣು ಕುಕ್ಕತೊಡಗಿತು. ಕೀಬೋರ್ಡಿನಲ್ಲಿ ಸೂರ್ಯನ ಚಿತ್ರವಿರುವ ಕೀಲಿಯನ್ನು ಒತ್ತಿದರೆ ಲ್ಯಾಪ್‌ಟಾಪಿನ ಪರದೆ ಮಾತ್ರ ಮಂಕಾಗುತ್ತಿತ್ತು. ದೊಡ್ಡ ಪರದೆ ಜಗ್ಗುತ್ತಿರಲಿಲ್ಲ. ಮಾನಿಟರಿನ ಹಿಂಬದಿಯ ಗುಂಡಿಗಳನ್ನು ತಡವಿ ಅವರು ಒಮ್ಮೆ ಏನನ್ನೋ ಒತ್ತಿದ್ದರಿಂದ ಅದರ ಸೂಚನೆಗಳೆಲ್ಲ ಚೀನೀ ಲಿಪಿಗೆ ತಿರುಗಿ, ಎರಡು ದಿನ ಮನೆಮಂದಿಯೆಲ್ಲ ಅದರ ಮುಂದೆ ನಿರಕ್ಷರಕುಕ್ಷಿಗಳಾಗಿ ಕುಳಿತೆವು. "ಸಂಜೆಯ ಓದು ನನಗಿನ್ನು ಸಾಕು, ತಮ್ಮಾ" ಎಂದು ಅವರು ಕೈಚೆಲ್ಲಿದಾಗ ನಮಗೆ ಸುಮ್ಮನಿರಲಾಗಲಿಲ್ಲ. ಐವತ್ತು ವರ್ಷಗಳಿಂದ ಆ ಮನೆಯಲ್ಲಿ ಸಂಜೆಯೆಂದರೆ ಅವರ ಓದೇ.

ಅಂಗಡಿಯವರು ಬೇರೆ ಮಾನಿಟರ್ ಕೊಳ್ಳಿರೆಂದರು. ಅದರ ಅಗತ್ಯವೇ ಇರಲಿಲ್ಲವೆಂದು ತಿಳಿಯಲು ನಮಗೆ ಒಂದು ವಾರ ಹಿಡಿಯಿತು.

ಲ್ಯಾಪ್‌ಟಾಪಿನ ಸ್ವಂತ ಪರದೆಯ ಹಿಂದಿರುವ ದೀಪ ಆ ಯಂತ್ರದ ಅಂಕೆಯಲ್ಲಿಯೇ ಇರುತ್ತದೆ. ಸೂರ್ಯನ ಕೀಲಿ ನೇರವಾಗಿ ಅದನ್ನೇ ಮುಟ್ಟುತ್ತದೆ. ಹೊರಗಿನ ಮಾನಿಟರಾದರೋ ಬೇರೆ ಹೂಡಿದ ಸಂಸಾರದಂತೆ. ಅದರ ವಿದ್ಯುತ್ತು, ಅದರ ದೀಪ, ಅದರ ನೆನಪು ಎಲ್ಲವೂ ಪ್ರತ್ಯೇಕ. ಆದರೂ ಅದರೊಡನೆ ಮಾತನಾಡುವ ದಾರಿಯೊಂದಿದೆ. ಮಾನಿಟರುಗಳ ವಿಷಯದಲ್ಲಿ ಸಮಾನ ಕ್ರಮಗಳನ್ನು ಗೊತ್ತುಪಡಿಸುವ ವೆಸಾ ಎಂಬ ಸಂಸ್ಥೆ 1994ರಲ್ಲಿ ಡಿಡಿಸಿ ಎಂಬ ಪದ್ಧತಿಯನ್ನು ತಂದಿತು. ಮಾನಿಟರ್ ತನ್ನ ಗುರುತನ್ನೂ ಅಳತೆಗಳನ್ನೂ ಕಂಪ್ಯೂಟರಿಗೆ ತಿಳಿಸಲು ಅದು ಸಾಕಾಗಿತ್ತು. 1998ರಲ್ಲಿ ಬಂದ ಡಿಡಿಸಿ/ಸಿಐ ಪದ್ಧತಿಯಿಂದ ಕಂಪ್ಯೂಟರು ಮಾನಿಟರಿಗೆ ಆಜ್ಞೆ ಕೊಡುವುದೂ ಸಾಧ್ಯವಾಯಿತು. ಚಿತ್ರ ಸಾಗುವ ಕೇಬಲಿನಲ್ಲಿಯೇ ಈ ಮಾತುಕತೆಯೂ ಸಾಗುತ್ತದೆ. ಇಷ್ಟು ಹಳೆಯ ಸೌಕರ್ಯವಿದ್ದರೂ ಸೂರ್ಯನ ಕೀಲಿಯನ್ನು ಅದಕ್ಕೆ ಜೋಡಿಸುವ ಕೆಲಸವನ್ನು ಬಹುಪಾಲು ಕಂಪ್ಯೂಟರುಗಳಲ್ಲಿ ನಾವೇ ಮಾಡಿಕೊಳ್ಳಬೇಕಾಗಿದೆ. ಇದು ನಮಗೆ ಇಂದಿಗೂ ಸೋಜಿಗವೇ.

ನಾವು ಮೊದಲು ಮಾಡಿದ್ದು ತಪ್ಪು. ಪರದೆಯನ್ನು ಮಂಕು ಮಾಡುವ ತಂತ್ರಾಂಶವೊಂದನ್ನು ಹಾಕಿದೆವು. ಬೆಳಕು ತಗ್ಗಿದಂತೆ ಕಂಡಿತು, ಆದರೆ ಅಕ್ಷರಗಳೂ ಮಾಸಿದವು. ಅದು ತಗ್ಗಿಸುತ್ತಿದ್ದುದು ಚಿತ್ರದ ಬಣ್ಣವನ್ನೇ ಹೊರತು ದೀಪವನ್ನಲ್ಲ. ಉರಿಯುವ ದೀಪದ ಮುಂದೆ ಮಾಸಲು ಬಟ್ಟೆ ಹಿಡಿದಂತೆ. ಬಿಳಿ ಬೂದಿಯಾಗುತ್ತದೆ, ಕಪ್ಪು ಮಾತ್ರ ಮೊದಲಿನಷ್ಟೇ ಬೆಳ್ಳಗೆ ಉಳಿಯುತ್ತದೆ. ಪೊರೆ ತೆಗೆಸಿಕೊಂಡ ಕಣ್ಣಿಗೆ ಇದರಿಂದ ಏನು ಸುಖ?

ಆಮೇಲೆ ಅತ್ತಿಗೆಯವರ ಮೊಮ್ಮಗ ಫೋನಿನಲ್ಲಿಯೇ ದಾರಿ ತೋರಿಸಿದ. ಮಾನಿಟರಿನ ಸೂಚನೆಗಳಲ್ಲಿ ಡಿಡಿಸಿ/ಸಿಐ ಎಂಬ ಸಾಲು ಇತ್ತು. ಅದು ಆಫ್ ಆಗಿತ್ತು! ಆನ್ ಮಾಡಿ, ವಿಂಡೋಸಿಗೆ ಉಚಿತವಾಗಿ ಸಿಗುವ ಟ್ವಿಂಕಲ್ ಟ್ರೇ ಎಂಬ ತಂತ್ರಾಂಶವನ್ನು ಹಾಕಿದೆವು. ಸೂರ್ಯನ ಕೀಲಿ ಅದರ ಕೈಗೆ ಸಿಗದೆ ಹೋದುದರಿಂದ ತಗ್ಗಿಸಲು ಎಫ್9, ಏರಿಸಲು ಎಫ್10 ಎಂದು ನಿಯಮಿಸಿದೆವು. ಆ ಕೀಲಿಗಳನ್ನು ಬೇರೆ ಕೆಲಸಕ್ಕೆ ಬಳಸುವವರು ಜೊತೆಗೆ ಕಂಟ್ರೋಲ್ ಕೀಲಿಯನ್ನು ಸೇರಿಸಿಕೊಳ್ಳಬಹುದು. ಮ್ಯಾಕ್ ಇರುವ ಮನೆಗಳಿಗೆ ಮಾನಿಟರ್‌ಕಂಟ್ರೋಲ್ ಎಂಬುದಿದೆ. ಅನುಮತಿ ಕೊಟ್ಟರೆ ಅದು ಸೂರ್ಯನ ಕೀಲಿಯನ್ನೇ ಹಿಡಿದುಕೊಳ್ಳುತ್ತದೆ. ಲಿನಕ್ಸ್ ಬಳಸುವವರಿಗೆ ಡಿಡಿಸಿಯುಟಿಲ್ ಪರಿಚಿತವಿದ್ದೀತು.

ಎಲ್ಲ ಮಾನಿಟರುಗಳೂ ಹೀಗೆ ವಿಧೇಯವಾಗಿರುತ್ತವೆಂದು ಹೇಳಲಾರೆವು. ಮಾನಿಟರಿನ ಬದಲಾಗಿ ಟೀವಿಯನ್ನು ಜೋಡಿಸಿದವರಿಗೆ ಈ ಉಪಾಯ ಅನೇಕ ವೇಳೆ ಫಲಿಸದು. ನಡುವೆ ಡಾಕ್ ಅಥವಾ ಅಡಾಪ್ಟರ್ ಇದ್ದರೆ ಆಜ್ಞೆ ಅಲ್ಲಿಯೇ ನಿಂತುಹೋಗುವುದೂ ಉಂಟು. ಬೇರೆ ಮಾನಿಟರ್ ಕೊಳ್ಳುವ ಮುನ್ನ ಕೇಬಲನ್ನು ನೇರವಾಗಿ ಜೋಡಿಸಿ ನೋಡಿರಿ. ಕೀಲಿ ಒತ್ತಿದ ಮೇಲೆ ಪರದೆ ಒಂದು ಕ್ಷಣ ತಡೆದು ಬದಲಾಗುತ್ತದೆ, ಅವಸರದಿಂದ ಒತ್ತಿಹಿಡಿಯಬಾರದು.

ಅತ್ತಿಗೆಯವರು ಆ ಎರಡು ಕೀಲಿಗಳ ಮೇಲೆ ತಮ್ಮ ಸೊಸೆಯ ಕೆಂಪು ಬಿಂದಿಗಳನ್ನು ಅಂಟಿಸಿಕೊಂಡಿದ್ದಾರೆ. ಹಗಲಿಗೆ ಎಪ್ಪತ್ತು, ದೀಪ ಹಚ್ಚಿದ ಮೇಲೆ ಇಪ್ಪತ್ತೈದು. ನಿನ್ನೆ ರಾತ್ರಿ ಒಂಬತ್ತಾದರೂ ಊಟಕ್ಕೆ ಏಳಲಿಲ್ಲವೆಂದು ಸೊಸೆ ನಮಗೆ ದೂರು ಹೇಳಿದಳು.