ಬುಟ್ಟಿ ಹೊತ್ತವರ ಕಡೆಯಿಂದ

ಮನೆಬಾಗಿಲಿಗೆ ಬರುತ್ತಿದ್ದ ವ್ಯಾಪಾರಿಗಳನ್ನು ಕುರಿತು ಅನೇಕರು ಅಕ್ಕರೆಯಿಂದ ಬರೆಯುತ್ತಾರೆ. ಬಳೆಗಾರ, ಕಲಾಯಿಯವ, ಸಾಣೆಯವ, ವರ್ತನೆಯ ಹಾಲಿನವಳು ಇವರ ಕೂಗು ಇನ್ನೂ ಕಿವಿಯಲ್ಲಿದೆಯೆಂದು ಹಿರಿಯರು ಹೇಳುವುದುಂಟು. ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಇವೆಲ್ಲ ಹೊಸ್ತಿಲ ಒಳಗೆ ನಿಂತವರ ನೆನಪುಗಳು. ನಾನು ಸೊಪ್ಪಿನ ಬುಟ್ಟಿ ಹೊತ್ತವಳ ಮಗ. ಹೊರಗಿನ ಮಾತನ್ನೂ ಒಂದಿಷ್ಟು ಹೇಳಬೇಕೆಂದು ತೋರಿತು.

ಆ ಕಸುಬುಗಳಲ್ಲಿ ಕುಶಲತೆಯಿತ್ತೆಂಬುದರಲ್ಲಿ ಸಂದೇಹವಿಲ್ಲ. ಕಲಾಯಿಯವನನ್ನೇ ನೋಡಿ. ನೆಲದಲ್ಲಿ ಕುಣಿ ತೋಡಿ, ತಿದಿಯೊತ್ತಿ, ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ ಅರಳೆಯಿಂದ ಒರೆಸಿದನೆಂದರೆ ಕರ್ರಗಿದ್ದ ಒಡಲು ಬೆಳ್ಳಿಯಂತಾಗುತ್ತಿತ್ತು. ಹುಳಿಸಾರು ಕಿಲುಬದಂತೆ ಕಾಯುತ್ತಿದ್ದುದು ಆ ತೆಳುವಾದ ತವರವೇ. ಸ್ಟೀಲು, ಅಲ್ಯೂಮಿನಿಯಂ ಬಂದವು, ಅವನು ಹೋದ. ಯಾರೂ ಅವನನ್ನು ಓಡಿಸಲಿಲ್ಲ, ಕೆಲಸವೇ ಇಲ್ಲವಾಯಿತು. ದಿನವೆಲ್ಲ ಆ ಹೊಗೆ ಕುಡಿದವನ ಮಕ್ಕಳು ಇದಕ್ಕಾಗಿ ಅತ್ತಿರಲಾರರು.

ಸೊಪ್ಪಿನ ಬುಟ್ಟಿಯ ವಿಷಯ ನಾನು ಕಂಡದ್ದು. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಲಾಗದು, ಇನ್ನೊಬ್ಬರ ಕೈ ಬೇಕು. ಕೊಂಡವರು ಕೈಕೊಟ್ಟು ಎತ್ತಿಸುತ್ತಿದ್ದರು. ಇಳಿಸಿ, ಎಲ್ಲ ಕಟ್ಟುಗಳನ್ನೂ ಕೆದಕಿ, ಬೇಡವೆಂದು ಒಳಗೆ ಹೋದವರ ಬಾಗಿಲಲ್ಲಿ ಅಮ್ಮ ದಾರಿಹೋಕರಿಗಾಗಿ ಕಾಯಬೇಕಾಗಿತ್ತು. ಕೊಸರು ಎಂದರೆ ಕೊಳ್ಳುವವರಿಗೆ ಸವಿನೆನಪು. ಹತ್ತು ಮನೆಯ ಕೊಸರು ಸೇರಿದರೆ ನಮಗೆ ಎರಡು ಕಟ್ಟು ಸೊಪ್ಪಿನ ನಷ್ಟ. ಕುಡಿಯುವ ನೀರನ್ನು ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದ ಮನೆಗಳೂ ಇದ್ದವು. ನೆನಪಿನ ಲೇಖನಗಳಲ್ಲಿ ಆ ನೀರಿನ ಸುದ್ದಿ ಏಕೋ ಬರುವುದಿಲ್ಲ. ಆದರೂ ನ್ಯಾಯವಾಗಿ ಹೇಳಬೇಕು: ನನ್ನ ಪರೀಕ್ಷೆಯ ಶುಲ್ಕಕ್ಕೆ ಎರಡು ತಿಂಗಳ ವರ್ತನೆಯ ಹಣವನ್ನು ಮುಂಗಡವಾಗಿ ಕೊಟ್ಟದ್ದೂ ಅಂಥದೇ ಬೀದಿಯ ಒಂದು ಮನೆ. ಬ್ಯಾಂಕಿಗೆ ನಮ್ಮ ಪರಿಚಯವಿರಲಿಲ್ಲ, ಆ ಮನೆಯಾಕೆಗಿತ್ತು.

ಇಂದು ಮೊಬೈಲಿನಲ್ಲಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಸೊಪ್ಪು ಬಾಗಿಲಿಗೆ ಬರುತ್ತದೆ. ಹಳೆಯ ಪದ್ಧತಿ ಸತ್ತಿತೆಂದು ಮರುಗುವವರಿಗೆ ನನ್ನ ಪ್ರಶ್ನೆ ಇಷ್ಟೆ: ಹೊತ್ತು ತರುವವನು ಸತ್ತಿಲ್ಲವಲ್ಲ? ಬುಟ್ಟಿಯ ಬದಲು ಬೆನ್ನಿಗೆ ಚೀಲ ಬಂದಿದೆ. ಅಂದು ಚೌಕಾಶಿ ಮಾಡಲಾದರೂ ಎದುರಿಗೊಬ್ಬ ಮನುಷ್ಯನಿರುತ್ತಿದ್ದ. ಇಂದು ಅವನ ಕೂಲಿಯನ್ನು ಗೊತ್ತುಮಾಡುವವರ ಮುಖವನ್ನು ಅವನೇ ಕಂಡಿಲ್ಲ. 2025ರಲ್ಲಿ ನಮ್ಮ ರಾಜ್ಯವು ಇಂಥ ಗಿಗ್ ಕಾರ್ಮಿಕರಿಗಾಗಿ ಕಾಯಿದೆ ಮಾಡಿ, ಅವರ ಕ್ಷೇಮನಿಧಿಗೆ ಕಂಪನಿಗಳು ಹಣ ಕೊಡಬೇಕೆಂದು ವಿಧಿಸಿತು. ತಿರುಗಿ ಮಾರುವವರೂ ಸೇರಿದಂತೆ ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕೇಂದ್ರ ಕಾಯಿದೆಯಿದೆ. ಆದರೆ ಅದರ ಪ್ರಮಾಣಪತ್ರಕ್ಕೆ ಅರ್ಜಿ ತುಂಬಬೇಕು. ನನ್ನ ತಾಯಿಯ ಜೊತೆಯ ಹೆಂಗಸರಲ್ಲಿ ಅಕ್ಷರ ಬಲ್ಲವರೇ ವಿರಳ.

ನಮ್ಮ ಕಾಲೇಜಿನ ಎನ್.ಎಸ್.ಎಸ್. ಘಟಕವು ವರ್ಷಕ್ಕೆರಡು ಭಾನುವಾರ ಮಾರುಕಟ್ಟೆಯ ಬಳಿ ಕುಳಿತು ಈ ಅರ್ಜಿಗಳನ್ನು ತುಂಬಿಕೊಡಬಾರದೇಕೆ? ಇನ್ನೊಂದು ವಿನಂತಿ ಗುರುಗಳಲ್ಲಿ. ಸಂಜೆ ಚೀಲ ಹೊತ್ತು ನಡುರಾತ್ರಿ ಮನೆ ಸೇರುವ ಮಿತ್ರರು ನಮ್ಮ ತರಗತಿಯಲ್ಲೇ ಇದ್ದಾರೆ. ಮೊದಲ ಗಂಟೆಯ ಹಾಜರಿ ಕೂಗುವಾಗ ಅವರ ಹೆಸರಿಗೆ ಒಂದು ನಿಮಿಷ ಕಾಯಬಹುದು.