ಹಿಂದಿನ ಡ್ರಮ್ ಬಿಚ್ಚೋ ಕೆಲಸಕ್ಕೂ ದುಡ್ಡು ಕೊಡೋಣ

ಹಳೇ ಕಾರು ಸರ್ವಿಸಿಗೆ ಹೋದ್ರೆ ಎಂಜಿನ್ ಆಯಿಲ್ ಬದಲಾಗುತ್ತೆ, ಏರ್ ಫಿಲ್ಟರ್ ಬದಲಾಗುತ್ತೆ, ಮುಂದಿನ ಬ್ರೇಕ್ ಪ್ಯಾಡ್ ನೋಡ್ತಾರೆ. ಹಿಂದಿನ ಚಕ್ರದ ಡ್ರಮ್ ಎಷ್ಟೋ ಸಲ ಹಾಗೇ ಉಳಿಯುತ್ತೆ. ಬಿಚ್ಚೋದು ಕಷ್ಟ, ಅದಕ್ಕೆ ಬಿಚ್ಚಲ್ಲ. ಬಿಚ್ಚದೇ ಇರೋದ್ರಿಂದ ಮುಂದಿನ ಸಲ ಇನ್ನೂ ಕಷ್ಟ. ಮೆಕ್ಯಾನಿಕಲ್ ಓದುತ್ತಿರುವ ನಮ್ಮ ಅಭಿಪ್ರಾಯ ಇಷ್ಟೇ: ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಆ ಡ್ರಮ್ ಬಿಚ್ಚಿಸಬೇಕು. ಅದಕ್ಕೆ ಹಿಡಿಯುವ ಸಮಯಕ್ಕೆ ಚೌಕಾಸಿ ಮಾಡದೆ ದುಡ್ಡು ಕೊಡಬೇಕು.

1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಇವತ್ತಿಗೂ ನಮ್ಮ ಊರುಗಳಲ್ಲಿ ಓಡ್ತಿದೆ. ಅದರ ಹಿಂದಿನ ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. "ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತೆ, ಹೆಚ್ಚು ಕೆಲಸ ಮುಂದಿನ ಬ್ರೇಕಿನದ್ದೇ, ಹಿಂದಿನದಕ್ಕೆ ಯಾಕಿಷ್ಟು ತಲೆ ಕೆಡಿಸ್ಕೋಬೇಕು?" ಅಂತ ನಮ್ಮಲ್ಲೇ ಕೆಲವರು ಕೇಳ್ತಾರೆ. ಮೊದಲ ಅರ್ಧ ನಿಜ. ಆದ್ರೆ ಹ್ಯಾಂಡ್‌ಬ್ರೇಕ್ ಹಿಡಿಯೋದು ಇದೇ ಹಿಂದಿನ ಡ್ರಮ್ಮಿನಲ್ಲಿ. ಚಾರ್ಮಾಡಿ ಘಾಟಿಯ ಏರಿನಲ್ಲಿ ಟ್ರಾಫಿಕ್ ನಿಂತಾಗ ಕಾರು ಹಿಂದಕ್ಕೆ ಜಾರದಂತೆ ಹಿಡಿಯೋದು ಅದೇ. ಒಂದು ಕಡೆಯ ಡ್ರಮ್ ಹಿಡಿದು ಇನ್ನೊಂದು ಹಿಡಿಯದಿದ್ರೆ, ಒದ್ದೆ ರಸ್ತೆಯಲ್ಲಿ ಹಿಂಭಾಗ ಪಕ್ಕಕ್ಕೆ ಎಳೆಯುತ್ತೆ.

ಡ್ರಮ್ ಯಾಕೆ ಸಿಕ್ಕಿಕೊಳ್ಳುತ್ತೆ? ಒಂದು, ಹಬ್ ಮತ್ತು ಡ್ರಮ್ ಕೂಡುವ ಜಾಗದಲ್ಲಿ ತುಕ್ಕು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬೇಗ. ಎರಡು, ಶೂ ಉಜ್ಜಿ ಉಜ್ಜಿ ಡ್ರಮ್ ಒಳಗೆ ಸವೆದು, ಅಂಚಿನಲ್ಲಿ ಒಂದು ಏಣು ಉಳಿಯುತ್ತೆ. ಎಳೆದಾಗ ಶೂ ಅದಕ್ಕೆ ತಗುಲಿಕೊಳ್ಳುತ್ತೆ. ಮೂರು, ಹ್ಯಾಂಡ್‌ಬ್ರೇಕ್ ಹಾಕಿ ಮಳೆಯಲ್ಲಿ ವಾರಗಟ್ಟಲೆ ನಿಲ್ಲಿಸಿದ್ರೆ ಲೈನಿಂಗ್ ಡ್ರಮ್ಮಿಗೇ ಅಂಟಿಕೊಳ್ಳುತ್ತೆ. ನಾಲ್ಕು, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ, ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗುತ್ತೆ. ಡಾಟ್ 3 ಆಯಿಲಿಗೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕು. ತೇವ ಹೀರಿದ ಮೇಲಿನ ಕನಿಷ್ಠ ಮಿತಿ ಬರೀ 140.

ಕಾರಣ ಬೇರೆ ಆದ್ರೆ ಮದ್ದೂ ಬೇರೆ. ಅದಕ್ಕೇ ಸುತ್ತಿಗೆ ಮೊದಲ ಉಪಾಯ ಅಲ್ಲ. ಡ್ರಮ್ ಎರಕದ ಕಬ್ಬಿಣದ್ದು. ಒತ್ತಿದ್ರೆ ತಡ್ಕೊಳ್ಳುತ್ತೆ, ಎಳೆದ್ರೆ ಬಿರಿಯುತ್ತೆ ಅಂತ ನಾವೇ ಪರೀಕ್ಷೆಯಲ್ಲಿ ಬರೀತೀವಿ. ಅಂಚಿಗೆ ಜೋರಾಗಿ ಹೊಡೆದ್ರೆ ಅದೇ ಆಗೋದು. ಸರಿಯಾದ ಕ್ರಮ ಹೀಗೆ: ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಕಾರನ್ನು ಬರೀ ಜ್ಯಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಮೇಲೆ ಕೂರಿಸೋದು. ಹ್ಯಾಂಡ್‌ಬ್ರೇಕ್ ಇಳಿಸಿ, ಕೇಬಲ್ ಸಡಿಲ ಮಾಡಿ, ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆ ತರೋದು. ಕೆಲವು ಕಾರಿನಲ್ಲಿ ಬೇರಿಂಗ್ ಡ್ರಮ್ ಒಳಗೇ ಇರುತ್ತೆ, ಅಲ್ಲಿ ನಡುವಿನ ನಟ್ ಮೊದಲು ತೆಗೀಬೇಕು. ಹಬ್ ಸುತ್ತ ತುಕ್ಕು ಬಿಡಿಸೋ ಆಯಿಲ್ ಹಾಕಿ ಕಾಯೋದು. ಡ್ರಮ್ಮಿನಲ್ಲಿ ಮರೆ ಇರುವ ಎರಡು ತೂತಿದ್ರೆ, ಅದಕ್ಕೆ ಬೋಲ್ಟ್ ಹಾಕಿ ಒಂದೊಂದು ಸುತ್ತು ಸಮವಾಗಿ ಬಿಗಿ ಮಾಡಿದ್ರೆ ಡ್ರಮ್ ತಾನೇ ಹೊರಗೆ ಬರುತ್ತೆ. ಈ ಕ್ರಮದಲ್ಲಿ ಹೆಚ್ಚು ಹೊತ್ತು ಹೋಗೋದು ಕಾಯೋದಕ್ಕೇ. ಆ ಕಾಯೋ ಹೊತ್ತು ಬಿಲ್ಲಿನಲ್ಲಿ ಕಾಣಲ್ಲ, ಅದಕ್ಕೇ ಗ್ಯಾರೇಜಿನವರು ಸುತ್ತಿಗೆ ಎತ್ತುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ, "ಇಷ್ಟಕ್ಕೆ ಇಷ್ಟೊಂದಾ?" ಅನ್ನೋ ನಮ್ಮದೂ ಇದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಡ್ರಮ್ ತೆಗೆದ ತಕ್ಷಣ ಒಳಗಿನ ಕಪ್ಪು ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದೋ ಅಭ್ಯಾಸ ಎಷ್ಟೋ ಕಡೆ ಇದೆ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಬಳಸ್ತಿದ್ರು. ಅದರ ನಾರು ಶ್ವಾಸಕೋಶಕ್ಕೆ ಹೋದ್ರೆ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಯಾವ ಲೈನಿಂಗಿನಲ್ಲಿ ಅದಿದೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಊದೋನು ಹೆಚ್ಚಾಗಿ ನಮ್ಮದೇ ವಯಸ್ಸಿನ ಹೆಲ್ಪರ್ ಹುಡುಗ, ಮೂತಿಗೆ ಕರ್ಚೀಫೂ ಇರಲ್ಲ. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿದ್ರೆ ಆಯ್ತು. ಆ ಬಟ್ಟೆಯನ್ನು ಒಣಗೋ ಮೊದಲೇ ಕವರಿನಲ್ಲಿ ಕಟ್ಟಿ ಬಿಸಾಡಬೇಕು. ಜೊತೆಗೆ ಒಳ್ಳೇ ಮಾಸ್ಕ್ ಹಾಕಬೇಕು, ಕರ್ಚೀಫು ಸಾಲದು.

ಬಿಚ್ಚಿದ ಮೇಲೆ ನೋಡಬೇಕಾದ್ದು: ಸಿಲಿಂಡರಿನ ರಬ್ಬರ್ ಒಳಗೆ ಒದ್ದೆ ಇದ್ದರೆ ಲೀಕ್. ಆಯಿಲ್ ಕುಡಿದ ಲೈನಿಂಗ್ ತೊಳೆದ್ರೆ ಸರಿ ಹೋಗಲ್ಲ, ಶೂಗಳನ್ನು ಎರಡೂ ಕಡೆ ಒಟ್ಟಿಗೇ ಬದಲಿಸಬೇಕು. ಡ್ರಮ್ ಎಷ್ಟು ಸವೆಯಬಹುದು ಅನ್ನೋ ಗರಿಷ್ಠ ವ್ಯಾಸ ಎಷ್ಟೋ ಡ್ರಮ್ಮಿನ ಮೇಲೇ ಅಚ್ಚಾಗಿರುತ್ತೆ. ಒಂದು ಕಡೆ ಮುಗಿಯೋವರೆಗೆ ಇನ್ನೊಂದು ಕಡೆ ಬಿಚ್ಚಬಾರದು. ಸ್ಪ್ರಿಂಗ್ ಯಾವುದು ಎಲ್ಲಿ ಅಂತ ನೋಡೋಕೆ ಅದೇ ಮಾದರಿ. ವಿಡಿಯೋ ನೋಡ್ಕೊಂಡು ಒಬ್ಬರೇ ಮಾಡೋ ಕೆಲಸವಂತೂ ಇದಲ್ಲ, ಗೊತ್ತಿರೋರು ಪಕ್ಕದಲ್ಲಿರಬೇಕು.

ಶೂ ತಾನೇ ಡ್ರಮ್ಮಿಗೆ ಒತ್ತಿಕೊಳ್ಳೋ ಲೆಕ್ಕ ನಮ್ಮ ಪುಸ್ತಕದಲ್ಲಿದೆ, ತುಕ್ಕು ಹಿಡಿದ ಡ್ರಮ್ ಅಲ್ಲಿ ಬರಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಗುಜರಿಯಿಂದ ತಂದ ಒಂದು ಹಿಂದಿನ ಆ್ಯಕ್ಸಲ್ ಇದ್ರೆ ಪ್ರತಿ ಬ್ಯಾಚೂ ಒಮ್ಮೆ ಬಿಚ್ಚಿ ಜೋಡಿಸಬಹುದು ಅನ್ನೋದು ನಮ್ಮ ಕೋರಿಕೆ. ಅದು ಬರೋವರೆಗೆ ಕಾಯಬೇಕಿಲ್ಲ. ಮನೆಯ ಹಳೇ ಕಾರು ಈ ಸಲ ಸರ್ವಿಸಿಗೆ ಹೋದಾಗ ಹೇಳಿ: "ಅಣ್ಣಾ, ಹಿಂದಿನ ಡ್ರಮ್ ಎರಡೂ ಬಿಚ್ಚಿ ನೋಡಿ. ಧೂಳು ಊದಬೇಡಿ, ಒದ್ದೆ ಮಾಡಿ ಒರೆಸಿ. ಲೇಬರ್ ಬೇರೆ ಹಾಕಿ, ಕೊಡ್ತೀವಿ."